ಉಕ್ಕಿನ ಪೊರೆ

ಜನವರಿ 9

ಪರೀಕ್ಷಾ ವಿಭಾಗದ ಅಧಿಕಾರಿಗಳಿಗೆ,
ಕಡಲತೀರದ ಲೋಹ ಪರೀಕ್ಷಾ ಕೇಂದ್ರ.

ಮಾನ್ಯರೆ,

ನಮ್ಮ ಕಾರ್ಖಾನೆಯಲ್ಲಿ ಜೀವರಕ್ಷಕ ದೋಣಿಗಳ ಪಂಪಿಗೆ ಬೇಕಾದ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್‌ಗಳನ್ನು ತಯಾರಿಸುತ್ತೇವೆ. ದೋಣಿಯೊಳಗೆ ನುಗ್ಗಿದ ನೀರನ್ನು ಎಳೆದು ಹೊರಗೆ ಚೆಲ್ಲುವ ಪಂಪು ಅದು. ಕಳೆದ ವರ್ಷ ಕಳುಹಿಸಿದ ಶಾಫ್ಟ್‌ಗಳಲ್ಲಿ ಮೂರು, ಆರೇ ತಿಂಗಳಿಗೆ ತುಕ್ಕಿನ ಚುಕ್ಕೆ ಬಿದ್ದು ವಾಪಸು ಬಂದಿವೆ. ಅಳತೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಉಕ್ಕೇ ಕಳಪೆ ಎಂಬುದು ನನ್ನ ಅಭಿಪ್ರಾಯ. ಯಜಮಾನರ ಆದೇಶದಂತೆ ನಾನೇ ಲೇಥ್‌ನಲ್ಲಿ ಕಡೆದ ಆರು ತುಂಡುಗಳನ್ನು ಪರೀಕ್ಷೆಗೆ ಕಳುಹಿಸುತ್ತಿದ್ದೇನೆ.

ವಿ.ಸೂ.: ಪೊಟ್ಟಣದಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲವೂ ಇದೆ. ಅದು ಪರೀಕ್ಷೆಗಲ್ಲ. ಪೊಟ್ಟಣ ಕಟ್ಟಿದವರ ಕೈವಾಡ.

ಇಂತಿ,
ಲೇಥ್ ವಿಭಾಗದ ಹಿರಿಯ ಕೆಲಸಗಾರ, ನಂಬರ್ 17


ಜನವರಿ 20

ಮಾನ್ಯರೆ,

ಆರು ತುಂಡುಗಳೂ ಒಂದು ಜೊತೆ ಕಾಲುಚೀಲವೂ ಸುಸ್ಥಿತಿಯಲ್ಲಿ ತಲುಪಿವೆ. ಕಾಲುಚೀಲ ಅಳತೆಗೆ ಸರಿಯಾಗಿದೆ. ಪೊಟ್ಟಣ ಕಟ್ಟಿದವರಿಗೆ ದಯವಿಟ್ಟು ತಿಳಿಸುವುದು.

ಉಕ್ಕಿನ ಬೆರಕೆಯನ್ನು ಎರಡು ಸಲ ಪರೀಕ್ಷಿಸಿದ್ದೇವೆ. ಇರಬೇಕಾದದ್ದೆಲ್ಲ ಇರಬೇಕಾದಷ್ಟು ಇದೆ. ಉಕ್ಕು ಕಳಪೆಯಲ್ಲ. ಆದರೆ ಮೇಲ್ಮೈ ನಯವಾಗಿಲ್ಲ. ಸೂಜಿಮೊನೆಯನ್ನು ಮೇಲೆ ಓಡಿಸಿ ಏರುತಗ್ಗು ಅಳೆಯುವ ಯಂತ್ರವೊಂದು ನಮ್ಮಲ್ಲಿದೆ. ನಿಮ್ಮ ತುಂಡುಗಳ ಒರಟುತನ, ಉಪ್ಪುನೀರಿಗೆ ಹೋಗುವ ಶಾಫ್ಟ್‌ಗೆ ಒಪ್ಪಬಹುದಾದ ಮಟ್ಟದ ಎಂಟು ಪಟ್ಟು ಬಂದಿದೆ. ಉಕ್ಕು ಕಡೆಯುವ ಟೂಲ್‌ನ ಮೊನೆಗೆ ಕೊನೆಯ ಸಲ ಸಾಣೆ ಹಿಡಿದದ್ದು ಯಾವಾಗ, ತಿಳಿಸಬೇಕಾಗಿ ಕೋರಿಕೆ.

ಇಂತಿ ವಿಶ್ವಾಸಿ,
ಕಿರಿಯ ಪರೀಕ್ಷಕಿ


ಜನವರಿ 28

ಮಾನ್ಯರೆ ಎಂದು ಬರೆಯಲು ಕೂತಿದ್ದೆ. ನಿನ್ನ ಅಮ್ಮ ಕಾಗದ ಕಿತ್ತುಕೊಂಡು, "ಹೆತ್ತ ಮಗಳಿಗೆ ಮಾನ್ಯರೆ ಅಂತೆ. ನಾಚಿಕೆ ಆಗಲ್ವಾ ನಿಮ್ಗೆ?" ಎಂದಳು. ಅದಕ್ಕೇ ಸಂಬೋಧನೆಯೇ ಇಲ್ಲದೆ ಶುರು ಮಾಡಿದ್ದೇನೆ.

ಟೂಲ್‌ಗೆ ಸಾಣೆ ಹಿಡಿದದ್ದು ಯಾವಾಗ ಎಂದು ನನ್ನನ್ನು ಕೇಳುತ್ತೀಯಾ? ಸಾಣೆ ಕಲ್ಲಿನಿಂದ ಹಾರುವ ಕಿಡಿ ನೋಡಿ ಇದು ಯಾವ ಉಕ್ಕು ಎಂದು ಹೇಳುವುದನ್ನು ನಿನಗೆ ಕಲಿಸಿದವನು ನಾನು. ಮೂವತ್ತೊಂದು ವರ್ಷದಿಂದ ಇದೇ ಲೇಥ್ ಮುಂದೆ ನಿಂತಿದ್ದೇನೆ. ಶಾಫ್ಟ್ ಮೇಲೆ ಉಗುರಾಡಿಸಿದರೆ ನನಗೆ ಗೊತ್ತಾಗುತ್ತದೆ. ನಿನ್ನ ಸೂಜಿಮೊನೆ ಯಂತ್ರ ಹುಟ್ಟುವ ಮೊದಲೇ ಈ ಉಗುರು ಇತ್ತು.

ಮೂರು ವರ್ಷದ ಹಿಂದೆ, ನೀನು ನಮ್ಮ ಕಾರ್ಖಾನೆಯಲ್ಲೇ ತಪಾಸಣೆ ಕೆಲಸಕ್ಕಿದ್ದಾಗ, ತಪಾಸಣೆ ಮೇಜಿನ ಮೇಲೆ ನನ್ನ ನಲವತ್ತು ಶಾಫ್ಟ್‌ಗಳನ್ನು ಸಾಲಾಗಿಟ್ಟು, ಎಲ್ಲರ ಮುಂದೆ ಒಂದೊಂದಕ್ಕೂ ತಿರಸ್ಕಾರದ ಕೆಂಪು ಚೀಟಿ ಅಂಟಿಸಿದೆಯಲ್ಲ, ಅಂದೂ ಇದೇ ಮಾತು: ಮೇಲ್ಮೈ ಸರಿಯಿಲ್ಲ. ನಾನು ಕೇಳುವುದು ಒಂದೇ. ಸ್ಟೇನ್‌ಲೆಸ್ ಎಂದರೆ ಕಲೆ ಹಿಡಿಯದ್ದು ತಾನೆ? ಹೆಸರಿನಲ್ಲೇ ಇದೆ. ಕಲೆ ಹಿಡಿಯದ ಉಕ್ಕಿಗೆ ಕಲೆ ಹಿಡಿದರೆ ತಪ್ಪು ಉಕ್ಕಿನದೋ, ಕಡೆದವನದೋ?

ಉತ್ತರ ಬರೆಯುವುದಿದ್ದರೆ ಬರೆ. ಇಲ್ಲದಿದ್ದರೆ ಬಿಡು.

ಅಪ್ಪ

(ಇದು ನಾನು, ಅಮ್ಮ. ಬಿಡಬೇಡ, ಬರಿ. ಕಾಲುಚೀಲ ಬಿಸಿನೀರಲ್ಲಿ ಒಗೀಬೇಡ, ಕುಗ್ಗುತ್ತೆ.)


ಫೆಬ್ರವರಿ 15

ಅಪ್ಪಾ,

ಈ ಎರಡಕ್ಷರ ಬರೆದು ಮೂರು ವರ್ಷವಾಗಿತ್ತು. ಜಗಳವನ್ನು ಆಮೇಲೆ ಮುಂದುವರಿಸೋಣ. ಮೊದಲು ನಿನಗೊಂದು ವಿಷಯ ಹೇಳಬೇಕು. ನನಗೆ ಇದು ಸರಿಯಾಗಿ ಅರ್ಥವಾದ ದಿನ ತಟ್ಟೆ ಮುಂದೆ ಕೂತು ಊಟ ಮಾಡುವುದನ್ನೇ ಮರೆತಿದ್ದೆ.

ಸ್ಟೇನ್‌ಲೆಸ್ ಸ್ಟೀಲಿನ ಒಳಗಿರುವುದು ಬಹುಪಾಲು ಕಬ್ಬಿಣವೇ. ತುಕ್ಕು ಹಿಡಿಯಲು ತುದಿಗಾಲಲ್ಲಿ ನಿಂತಿರುವ ಅದೇ ಕಬ್ಬಿಣ. ಅದನ್ನು ಕಾಯುವುದು ಅದರಲ್ಲಿ ಬೆರೆಸಿದ ಕ್ರೋಮಿಯಂ. ಗಾಳಿ ಸೋಕಿದ್ದೇ ತಡ, ಕ್ರೋಮಿಯಂ ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಂಡು ಉಕ್ಕಿನ ಮೈಮೇಲೆ ಒಂದು ಪೊರೆ ಹೊದಿಸುತ್ತದೆ. ಎಷ್ಟು ತೆಳ್ಳಗಿನದು ಎಂದರೆ ಅಂಥ ಮೂವತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ನಿನ್ನ ತಲೆಯ ಒಂದು ಕೂದಲಿನ ದಪ್ಪ. ಅಷ್ಟೇ ಅಪ್ಪಾ. ಸಮುದ್ರಕ್ಕೂ ಶಾಫ್ಟಿಗೂ ನಡುವೆ ಇರುವುದು ಅಷ್ಟೇ.

ಇನ್ನೂ ಇದೆ. ಆ ಪೊರೆಯನ್ನು ಗೀರಿದರೆ ಅದು ತನ್ನನ್ನು ತಾನೇ ಹೊಲಿದುಕೊಳ್ಳುತ್ತದೆ. ನೀನು ಟೂಲ್ ಮುಂದಕ್ಕೆ ಸರಿಸುತ್ತೀಯ, ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತದೆ, ಆ ಕ್ಷಣ ಉಕ್ಕು ಬೆತ್ತಲೆ. ಟೂಲ್ ಒಂದಿಷ್ಟು ಮುಂದೆ ಹೋಗುವುದರೊಳಗೆ ಅದರ ಬೆನ್ನ ಹಿಂದೆ ಹೊಸ ಪೊರೆ ಹುಟ್ಟತೊಡಗಿರುತ್ತದೆ. ಮೂವತ್ತೊಂದು ವರ್ಷ, ದಿನಕ್ಕೆ ಎಂಟು ಗಂಟೆ, ಇದು ನಿನ್ನ ಮೂಗಿನ ಕೆಳಗೇ ನಡೆದಿದೆ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಹಾಗಾದರೆ ತುಕ್ಕು ಎಲ್ಲಿಂದ ಎಂದು ಕೇಳುತ್ತೀಯ. ಪೊರೆಗೆ ಗಾಳಿ ಬೇಕು, ನೀರಿನಲ್ಲಿ ಕರಗಿದ್ದಾದರೂ ಸಾಕು. ಮೇಲ್ಮೈ ನಯವಾಗಿದ್ದರೆ ಎಲ್ಲ ಕಡೆಗೂ ಗಾಳಿ ಸಿಗುತ್ತದೆ. ಒರಟಾಗಿದ್ದರೆ ಕಣಿವೆಗಳ ತಳದಲ್ಲಿ ಉಪ್ಪುನೀರು ಕೂತುಬಿಡುತ್ತದೆ, ಅಲ್ಲಿಗೆ ಗಾಳಿ ಇಳಿಯುವುದಿಲ್ಲ. ಅಲ್ಲಿ ಒಮ್ಮೆ ಪೊರೆ ಹರಿದರೆ ಮತ್ತೆ ಕೂಡುವುದಿಲ್ಲ. ತೂತು ಕೆಳಕ್ಕೆ, ಇನ್ನೂ ಕೆಳಕ್ಕೆ ಕೊರೆಯುತ್ತ ಹೋಗುತ್ತದೆ. ಹೊರಗಿನಿಂದ ನೋಡಿದರೆ ಒಂದು ಚುಕ್ಕೆ, ಅಷ್ಟೆ.

ನಮ್ಮ ಅಂಗಳದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಾನೂರು ಉಕ್ಕಿನ ಹಲಗೆಗಳನ್ನು ಕಟ್ಟಿದ್ದೇವೆ. ಕೆಲವಕ್ಕೆ ನನ್ನಷ್ಟೇ ವಯಸ್ಸು. ಅವುಗಳಲ್ಲಿ ಎರಡು ಅಕ್ಕಪಕ್ಕ ಇವೆ. ಒಂದೇ ಉಕ್ಕು, ಒಂದೇ ಎಮರಿ ಪೇಪರಿನಿಂದ ಉಜ್ಜಿದ್ದು. ಒಂದರಲ್ಲಿ ಗೆರೆಗಳು ಮೇಲಿಂದ ಕೆಳಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ. ಮೊದಲನೆಯದನ್ನು ಮಳೆ ತೊಳೆದುಕೊಂಡು ಹೋಗಿದೆ, ಅದು ಇವತ್ತಿಗೂ ಬೆಳ್ಳಗಿದೆ. ಎರಡನೆಯದರಲ್ಲಿ ಉಪ್ಪು ಒಂದೊಂದು ಗೆರೆಯನ್ನೂ ಮೆಟ್ಟಿಲು ಮಾಡಿಕೊಂಡು ಕೂತಿದೆ, ಮೈಯೆಲ್ಲ ಕಂದು. ಗೆರೆ ಯಾವ ಕಡೆಗೆ ಓಡಿತು ಎಂಬುದಷ್ಟೇ ವ್ಯತ್ಯಾಸ! ಹೊಸದಾಗಿ ಬಂದಾಗ ದಿನಾ ಬೆಳಿಗ್ಗೆ ಅವೆರಡರ ಮುಂದೆ ನಿಂತುಕೊಳ್ಳುತ್ತಿದ್ದೆ. ನಮ್ಮ ಮುಖ್ಯಸ್ಥರು, ಎಲ್ಲರೂ ಅವರನ್ನು ಗಡ್ಡದ ಸಾರ್ ಎನ್ನುತ್ತಾರೆ, "ಏನಮ್ಮಾ, ಕನ್ನಡಿ ನೋಡ್ಕೋತಿದ್ದೀಯಾ?" ಎಂದು ನಗುತ್ತಿದ್ದರು.

ನಿನ್ನ ತುಂಡಿನ ಫೋಟೋ ಇಟ್ಟಿದ್ದೇನೆ, ಸೂಕ್ಷ್ಮದರ್ಶಕದಲ್ಲಿ ಐನೂರು ಪಟ್ಟು ಹಿಗ್ಗಿಸಿದ್ದು. ಉಕ್ಕು ಕತ್ತರಿಸಿಹೋಗಿಲ್ಲ ಅಪ್ಪಾ, ಹರಿದಿದೆ. ಮೊಂಡು ಮೊನೆ ಎಳೆದಾಡಿ ಮಡಚಿದ ಹಾಗೆ. ನೀನು ಹಿಂದೆ ಕಡೆದ ಶಾಫ್ಟ್‌ಗಳು ನನಗೆ ನೆನಪಿವೆ. ಅವುಗಳ ಗೆರೆಗಳನ್ನು ಎಣಿಸಬಹುದಿತ್ತು. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಈ ತುಂಡುಗಳನ್ನು ಕಡೆದವನು ನೀನೇನಾ?

ನಿನ್ನ,
ಮೊಳೆ


ಮಾರ್ಚ್ 6

ಮೊಳೆ,

ಹುಟ್ಟಿದಾಗ ಸಣಕಲಾಗಿದ್ದೆ, ಬಾಗುತ್ತಿರಲಿಲ್ಲ, ಅದಕ್ಕೇ ಆ ಹೆಸರಿಟ್ಟೆ. ಈಗಲೂ ಅದನ್ನೇ ಸಹಿ ಹಾಕಿದ್ದೀಯ ಎಂದು ಅಮ್ಮ ಓದಿ ಹೇಳಿದಾಗ ಸ್ವಲ್ಪ ಹೊತ್ತು ಎದ್ದು ಹೊರಗೆ ಹೋಗಿದ್ದೆ.

ತುಂಡುಗಳನ್ನು ಕಡೆದವನು ನಾನೇ. ಬೇರೆ ಯಾರ ಕೈಯೂ ತಾಗಿಲ್ಲ. ಫೋಟೋವನ್ನು ಅಮ್ಮ ಕಿಟಕಿ ಬೆಳಕಿಗೆ ಹಿಡಿದು, "ಒದ್ದೆ ಮಣ್ಣನ್ನ ಮುರುಕು ಬಾಚಣಿಗೇಲಿ ಬಾಚಿದ ಹಾಗಿದೆ ಕಣ್ರೀ" ಎಂದಳು.

ಆ ಪೊರೆಯ ವಿಷಯ ಎರಡು ಸಲ ಓದಿಸಿದೆ. ಮರುದಿನ ಕೆಲಸದಲ್ಲಿ ಚಹಾ ಹೊತ್ತಿಗೆ ಎಲ್ಲರಿಗೂ ಹೇಳಿದೆ. ವೆಲ್ಡಿಂಗಿನವನು, "ಹಾಗಾದ್ರೆ ಚಳಿಗಾಲಕ್ಕೆ ಉಕ್ಕಿಗೂ ಒಂದು ಸ್ವೆಟರ್ ಹೆಣೆದುಬಿಡಿ" ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಆದರೆ ಲೇಥ್ ಶುರು ಮಾಡಿದ ಮೇಲೆ ನಗು ಬರಲಿಲ್ಲ. ಟೂಲ್ ತಾಗುತ್ತದೆ, ಸಿಪ್ಪೆ ಏಳುತ್ತದೆ, ಅದರ ಹಿಂದೆಯೇ ಯಾರೂ ಹೇಳದೆ ಕೇಳದೆ ಅದು ತನ್ನ ಮೈ ಮುಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಸತ್ತ ವಸ್ತುವಿನ ಜೊತೆ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಯಂತ್ರ ನಿಲ್ಲಿಸಿ ಶಾಫ್ಟ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಯಾವಾಗಲೂ ಬೆಚ್ಚಗೇ ಇರುತ್ತದೆ, ಗೊತ್ತು. ಆದರೂ ಬೇರೆ ಥರ ಅನ್ನಿಸಿತು.

ಮೂರು ಹೊಸ ತುಂಡು ಕಳುಹಿಸುತ್ತಿದ್ದೇನೆ. ಕ ಎಂಬುದು ನಾನು ಸಾಣೆ ಹಿಡಿದ ಟೂಲ್‌ನದು. ಖ, ಅಂಗಡಿಯಿಂದ ತಂದ ಹೊಸ ಮೊನೆಯದು. ಗ, ಕಡೆದ ಮೇಲೆ ನಾನೇ ಎಮರಿ ಪೇಪರಿನಿಂದ ಅರ್ಧ ದಿನ ಕೂತು ಉಜ್ಜಿದ್ದು. ಅದರ ಮೇಲೆ ಬೆರಳಾಡಿಸಿ ನೋಡು, ಬೆಣ್ಣೆ. ಅದಕ್ಕೂ ಕೆಂಪು ಚೀಟಿ ಅಂಟಿಸಿದರೆ ನಾನು ಲೇಥ್ ಬಿಟ್ಟು ಅಮ್ಮನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಲು ಹೋಗುತ್ತೇನೆ.

ಅಪ್ಪ


ಏಪ್ರಿಲ್ 18

ಅಪ್ಪಾ,

ಮೂರು ತುಂಡುಗಳನ್ನೂ ಉಪ್ಪಿನ ಮಂಜು ಕವಿಸುವ ಪೆಟ್ಟಿಗೆಯಲ್ಲಿ ಇಟ್ಟೆ. ಕ, ನಾಲ್ಕನೆಯ ದಿನಕ್ಕೆ ಚುಕ್ಕೆ ಬಿಟ್ಟಿತು. ಖ, ಮೂರು ವಾರವಾದರೂ ಇಟ್ಟ ಹಾಗೆಯೇ ಇದೆ. ಅದೇ ಉಕ್ಕು, ಅದೇ ಕೈ, ಮೊನೆ ಮಾತ್ರ ಬೇರೆ. ನಾನು ಓದಿದ್ದೆಲ್ಲ ನಿಜವೆಂದು ಗೊತ್ತಿದ್ದರೂ ಕಣ್ಣಾರೆ ನೋಡಿದಾಗ ಮೈ ಜುಮ್ಮೆಂದಿತು.

ಗ ನನ್ನನ್ನು ಸೋಲಿಸಿತು. ಬೆಣ್ಣೆಯ ಹಾಗೇ ಇತ್ತು, ಸೂಜಿಮೊನೆ ಯಂತ್ರವೂ ಒಪ್ಪಿತು. ಆದರೆ ಮರುದಿನವೇ ಮೈತುಂಬ ಕೆಂಪು ಚುಕ್ಕೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯಿತು, ಅದು ಸ್ಟೇನ್‌ಲೆಸ್‌ನ ತುಕ್ಕಲ್ಲ. ಮೊದಲು ಸಾದಾ ಕಬ್ಬಿಣಕ್ಕೆ ಬಳಸಿದ್ದ ಎಮರಿ ಪೇಪರಿನಿಂದ ಆ ಕಬ್ಬಿಣದ ಪುಡಿ ಇದರ ಮೈಗೆ ಮೆತ್ತಿಕೊಂಡಿದೆ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೀನು ಎರಡು ಕಟ್ಟು ಎಮರಿ ಪೇಪರ್ ತೋರಿಸಿದ್ದೆ. "ನೀಲಿ ಗೆರೆ ಇರೋದು ಸ್ಟೇನ್‌ಲೆಸ್‌ಗೆ, ಕಂದು ಗೆರೆ ಇರೋದು ಸಾದಾ ಕಬ್ಬಿಣಕ್ಕೆ. ಅದನ್ನ ಇದಕ್ಕೆ ಮುಟ್ಟಿಸಿದ್ರೆ ಕೈ ಮುರೀತೀನಿ" ಎಂದಿದ್ದೆ. ಹಾಗೆ ಹೇಳಿದವನು ಎರಡನ್ನೂ ಕಲಸುವವನಲ್ಲ. ಬಣ್ಣ ಕಂಡಿದ್ದರೆ.

ನಿನ್ನ ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತಿಲ್ಲ. ನನ್ನ ಕಾಗದಗಳನ್ನು ಅಮ್ಮ ಓದಿ ಹೇಳುತ್ತಾಳೆ. ಸಾಣೆ ಹಿಡಿದ ಮೊನೆ ಮೊಂಡಾಗಿದೆ. ಅಳತೆ ಮಾತ್ರ ಸರಿ, ಏಕೆಂದರೆ ಅಳೆಯುವ ಮೀಟರಿನ ಅಂಕಿ ದೊಡ್ಡದು. ನಿನ್ನ ಕಣ್ಣಿಗೆ ಏನಾಗಿದೆ, ಅಪ್ಪಾ?

ಇದನ್ನು ಫೋನಿನಲ್ಲಿ ಕೇಳಬಹುದಿತ್ತು. ಫೋನಿಗೆ ನೀನು ಬರುವುದಿಲ್ಲ.

ಇನ್ನೊಂದು ಮಾತು, ಬರೆಯದೆ ಇರಲಾರೆ. ಮೊನ್ನೆ ಒಂದು ಶಾಫ್ಟ್ ನನ್ನ ಮೇಜಿಗೆ ಬಂತು. ಗಾಳಿಗೆ ಸಿಕ್ಕಿದ ಮೀನುಗಾರರನ್ನು ಕರೆತರಲು ಹೋಗಿದ್ದ ಜೀವರಕ್ಷಕ ದೋಣಿಯದು. ನಡುಸಮುದ್ರದಲ್ಲಿ ಪಂಪು ನಿಂತಿತು. ಶಾಫ್ಟಿನ ಕುತ್ತಿಗೆಯಲ್ಲಿ ತೂತುಗಳು ಬಿದ್ದು, ತುಕ್ಕು ಉಬ್ಬಿ, ತಿರುಗದೆ ಕಚ್ಚಿಕೊಂಡಿತ್ತು. ಏಳು ಜನ ಬಕೆಟಿನಲ್ಲಿ ನೀರೆತ್ತಿ ಚೆಲ್ಲುತ್ತ ದಡ ಸೇರಿದರು. ಯಾರ ಜೀವವೂ ಹೋಗಲಿಲ್ಲ. ಶಾಫ್ಟಿನ ತುದಿಯಲ್ಲಿ 17 ಎಂದು ಒತ್ತಿದೆ.

ವರದಿ ನಾನೇ ಬರೆಯಬೇಕು. ಬರೆಯುವ ಮೊದಲು ನಿನಗೆ ಹೇಳುತ್ತಿದ್ದೇನೆ.

ಮೊಳೆ


ಮೇ 12

ಮಗಳೇ,

ಈ ಸಲ ಕಂಸದೊಳಗಲ್ಲ, ಇಡೀ ಕಾಗದ ನನ್ನದೇ.

ನಿನ್ನ ಪತ್ರವನ್ನು ಅಂಚೆ ಕಚೇರಿಯಲ್ಲಿ ವಿಂಗಡಿಸಿದವಳು ನಾನು, ಮನೆಗೆ ತಂದವಳು ನಾನು, ಓದಿದವಳೂ ನಾನು. ಕಣ್ಣಿನ ಮಾತು ಬಂದಾಗ ಅವರು ತಲೆ ತಗ್ಗಿಸಿದರು, ಆದರೆ ಕೇಳಿಸಿಕೊಂಡರು. ಏಳು ಜನ ಎಂದು ಓದಿದಾಗ, "ಸಾಕು, ನಿಲ್ಸು" ಎಂದರು. ಸ್ವಲ್ಪ ಹೊತ್ತಿಗೆ, "ಇಲ್ಲ, ಓದು" ಎಂದರು.

ನಿನಗೆ ಹೇಳದೆ ಮುಚ್ಚಿಟ್ಟದ್ದರಲ್ಲಿ ನನಗೂ ಪಾಲಿದೆ. ಮೂರು ವರ್ಷಕ್ಕೂ ಮೇಲಾಯಿತು. ಮೊದಲು ಮಂಜು ಅಂದರು, ಆಮೇಲೆ ದೀಪದ ಸುತ್ತ ಬಳೆ ಕಾಣುತ್ತದೆ ಅಂದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಒಂದು ಸಲ ಆಸ್ಪತ್ರೆ ಚೀಟಿ ಬರೆಸಿದರೆ ಲೇಥ್ ಬಿಡಿಸುತ್ತಾರೆ ಎಂಬ ಹೆದರಿಕೆ. ಆಮೇಲೆ ಸಂಜೆ ಸಂಜೆ ಶಾಫ್ಟಿನ ನಕಾಶೆಗಳನ್ನು ಮನೆಗೆ ತರತೊಡಗಿದರು. ನಾನು ಅಳತೆಗಳನ್ನು ಓದಬೇಕು, ಅವರು ಕಣ್ಮುಚ್ಚಿ ಬಾಯಿಪಾಠ ಮಾಡಬೇಕು. ಮೂವತ್ತೆರಡು ದಶಮಾಂಶ ಸೊನ್ನೆ ಐದು, ಹದಿನೆಂಟು ದಶಮಾಂಶ ಸೊನ್ನೆ ಎರಡು. ಒಂದು ಅಂಕಿಯೂ ತಪ್ಪುತ್ತಿರಲಿಲ್ಲ ಕಣೇ. ನನಗೆ ಹೆಮ್ಮೆ ಬೇರೆ! ಅಂಕಿ ಸರಿಯಿದ್ದರೆ ಎಲ್ಲ ಸರಿಯಿದೆ ಎಂದುಕೊಂಡಿದ್ದೆ.

ನಿನ್ನ ಕಾಗದ ಬಂದ ಮರುದಿನ ಅವರು ಮಾಡಿದ್ದನ್ನು ಅವರೇ ಬರೆಯುತ್ತಾರಂತೆ, ಕಣ್ಣಿಗೆ ಕಟ್ಟುವ ಬಟ್ಟೆ ಬಿಚ್ಚಿದ ಮೇಲೆ. ಹೌದು, ನಾಳೆ ಬಲಗಣ್ಣಿಗೆ ಆಪರೇಷನ್. ಗಾಬರಿಯಾಗಬೇಡ. ನನಗೆ ಗಾಬರಿಯಾಗಿದೆ, ಮನೆಗೆ ಒಬ್ಬಳು ಸಾಕು.

ಅಮ್ಮ


ಜೂನ್ 20

ಮೊಳೆ,

ಇದನ್ನು ನಾನೇ ಬರೆದು ನಾನೇ ಓದಿ ನೋಡುತ್ತಿದ್ದೇನೆ. ಎರಡು ಕಣ್ಣೂ ಆಯಿತು.

ನಿನ್ನ ಕಾಗದ ಕೇಳಿದ ಮರುದಿನ ಬೆಳಿಗ್ಗೆ ನಾನು ಲೇಥ್ ಹತ್ತಿರ ಹೋಗಲಿಲ್ಲ, ಉಗ್ರಾಣಕ್ಕೆ ಹೋದೆ. ಕಳುಹಿಸಲು ಸಿದ್ಧವಾಗಿದ್ದ ಶಾಫ್ಟ್‌ಗಳ ತುದಿಯನ್ನು ಬೆರಳಿನಿಂದ ತಡವಿ, 17 ಇರುವುದನ್ನೆಲ್ಲ ಆರಿಸಿದೆ. ಇಪ್ಪತ್ತೆರಡು. ಒಂದೊಂದಾಗಿ ಹೊತ್ತು ತಪಾಸಣೆ ಮೇಜಿನ ಮೇಲೆ ಸಾಲಾಗಿಟ್ಟೆ. ಯಂತ್ರಗಳು ಒಂದೊಂದೇ ನಿಂತವು. ಯಜಮಾನರು ಓಡಿ ಬಂದರು. "ಏನಿದು?" ಎಂದರು. "ಇವನ್ನ ದೋಣಿಗೆ ಹಾಕ್ಬೇಡಿ. ನಂಗೆ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು" ಎಂದೆ.

ಅಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದು ಆ ಒಂದು ವಾಕ್ಯದಲ್ಲಿ ಮುಗಿದುಹೋಯಿತು. ಯಜಮಾನರು ಸಾಲಿನ ಮೊದಲ ಶಾಫ್ಟನ್ನು ಎತ್ತಿ ಬೆಳಕಿಗೆ ಹಿಡಿದರು. ಕೊನೆಗೆ, "ಈಗಾಗ್ಲೇ ಹೋಗಿರೋದು ಎಷ್ಟು?" ಎಂದು ಕೇಳಿದರು. ಹದಿನಾಲ್ಕು ದೋಣಿಗಳಿಗೆ ಅಂದೇ ಸುದ್ದಿ ಹೋಯಿತು. ನಿನ್ನ ಅಮ್ಮ ತುರ್ತು ಅಂಚೆಗೆ ತಾನೇ ಮುದ್ರೆ ಒತ್ತಿದಳಂತೆ, ಮೇಜು ಮುರಿಯುವ ಹಾಗೆ.

ಡಾಕ್ಟರು ನನ್ನ ಕಣ್ಣಿನಲ್ಲಿ ಪೊರೆ ಬೆಳೆದಿದೆ ಎಂದರು. ನನಗೆ ನಗು ಬಂತು. ಉಕ್ಕಿಗಾದರೆ ಪೊರೆ ಕಾಯುತ್ತದೆ, ಮನುಷ್ಯನಿಗಾದರೆ ಕುರುಡು ಮಾಡುತ್ತದೆ. ಡಾಕ್ಟರಿಗೆ ನಿನ್ನ ಪೊರೆಯ ವಿಷಯವೆಲ್ಲ ಹೇಳಿದೆ. ಆಕೆ ಕೈಯಲ್ಲಿ ಹಿಡಿದಿದ್ದ ಚೂರಿಯನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತ, "ಇದರ ಮೇಲೂ ಇದ್ಯಾ?" ಎಂದು ಕೇಳಿದರು. "ಇದೆ. ಅದಿಲ್ದಿದ್ರೆ ನನ್ನ ಕಣ್ಣಿಗೆ ತುಕ್ಕು ಬೀಳ್ತಿತ್ತು" ಎಂದೆ. "ಅಲ್ಲಾಡ್ಬೇಡಿ, ಮಾತೂ ಸಾಕು" ಎಂದರು.

ಬಟ್ಟೆ ಬಿಚ್ಚಿದಾಗ ಮೊದಲು ಕಂಡದ್ದು ಆಸ್ಪತ್ರೆಯ ಗೋಡೆ. ಬಿಳಿ ಬಣ್ಣ ಅಷ್ಟು ಬೆಳ್ಳಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಕಿಟಕಿಯಾಚೆ ಯಾರೋ ನೀಲಿ ಅಂಗಿ ಒಣಹಾಕಿದ್ದರು. ಅದನ್ನು ನೋಡುತ್ತ ಕೂತೆ. ಮನೆಗೆ ಬಂದು ನೀನು ಕಳುಹಿಸಿದ ಫೋಟೋ ತೆಗೆದೆ. ಅಮ್ಮ ಹೇಳಿದ್ದು ಕಡಿಮೆಯೇ. ಅಷ್ಟು ಕೆಟ್ಟ ಕೆಲಸವನ್ನು ನಾನು ಜನ್ಮದಲ್ಲಿ ನೋಡಿಲ್ಲ.

ನಲವತ್ತು ಶಾಫ್ಟ್‌ಗಳ ವಿಷಯ. ಅಂದು ನಿನಗೆ ನಾನು ಅಂದದ್ದು ನಿನಗೆ ನೆನಪಿರಬೇಕು. ಮೊನ್ನೆ ಮೊನ್ನೆ ಬಂದವಳು, ನಿನ್ನ ಮುಖ ನೋಡಲ್ಲ ಎಂದೆ. ವಾರದೊಳಗೆ ನೀನು ಹೊರಟುಹೋದೆ. ಅದು ಸಿಟ್ಟಲ್ಲ ಮಗಳೇ. ನೀನು ನನ್ನನ್ನು ಕಂಡುಹಿಡಿದುಬಿಟ್ಟೆ ಎಂಬ ಹೆದರಿಕೆ. ನಿನಗೆ ಕಂಡದ್ದು ಶಾಫ್ಟ್ ಮಾತ್ರ ಎಂಬುದು ನನಗೆ ಗೊತ್ತಾಗಲಿಲ್ಲ. ತಪ್ಪು ನನ್ನದು.

ವರದಿಯಲ್ಲಿ ನಿಜವನ್ನೇ ಬರೆ.

ಅಪ್ಪ


ಜುಲೈ 3

ಅಪ್ಪಾ,

ಕಾಗದ ಓದಿ ಅಂಗಳಕ್ಕೆ ಹೋಗಿ ಹಲಗೆಗಳ ನಡುವೆ ಒಂದು ಸುತ್ತು ಹಾಕಿ ಬಂದೆ. ಗಾಳಿ ಜೋರಾಗಿತ್ತು, ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ವರದಿಯಲ್ಲಿ ನಿಜವನ್ನೇ ಬರೆದಿದ್ದೇನೆ. ಉಕ್ಕು ಸರಿಯಿತ್ತು, ಅಳತೆ ಸರಿಯಿತ್ತು, ಮೇಲ್ಮೈ ಒರಟಾಗಿತ್ತು, ಅದೇ ಕಾರಣ. ಹಾಗೆಯೇ, ತಯಾರಿಸಿದ ಕೆಲಸಗಾರ ತಾನೇ ಮುಂದೆ ಬಂದು ಉಳಿದವನ್ನು ತಡೆದ ಎಂದೂ ಬರೆದಿದ್ದೇನೆ. ಅದೂ ನಿಜವೇ. ಇನ್ನು ಮುಂದೆ ಸಮುದ್ರಕ್ಕೆ ಹೋಗುವ ಪ್ರತಿ ಶಾಫ್ಟನ್ನೂ ಅಳತೆಯ ಜೊತೆ ನಯಕ್ಕೂ ಪರೀಕ್ಷಿಸಬೇಕು, ಮೆತ್ತಿಕೊಂಡ ಕಬ್ಬಿಣದ ಪುಡಿ ಹೋಗುವಂತೆ ಆಮ್ಲದಲ್ಲಿ ತೊಳೆಯಬೇಕು ಎಂದು ಸೇರಿಸಿದ್ದೇನೆ. ಗಡ್ಡದ ಸಾರ್ ಒಂದು ಪದವನ್ನೂ ತಿದ್ದದೆ ಸಹಿ ಹಾಕಿದರು.

ಆ ಶಾಫ್ಟ್ ಕಚ್ಚಿಕೊಂಡಿದ್ದ ದೋಣಿ ನಮ್ಮ ಕೇಂದ್ರದ ಪಕ್ಕದಲ್ಲಿ, ದೋಣಿಗಳು ನಿಲ್ಲುವ ದಕ್ಕೆಯಲ್ಲೇ ಇದೆ. ಹೊಸ ಶಾಫ್ಟಿಗೆ ಕಾಯುತ್ತಿದೆ. ನೀನೇ ಕಡೆದು ನೀನೇ ತರುತ್ತೀಯಾ? ರೈಲು ಇಳಿದ ಮೇಲೆ ಸಮುದ್ರದ ಕಡೆ ನಡೆದರೆ ಸಾಕು, ದಾರಿ ತಪ್ಪುವುದಿಲ್ಲ. ಈಗ ನಿನಗೆ ಕಾಣುತ್ತದೆ.

ನಿನ್ನ,
ಮೊಳೆ


ಆಗಸ್ಟ್ 24

ನನ್ನವಳೇ,

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ. ನಿನ್ನ ಕಚೇರಿಯವರು ಅದಕ್ಕೆ ಮುದ್ರೆ ಒತ್ತುವಾಗ ನಗಬಹುದು, ನಗಲಿ.

ಸುಖವಾಗಿ ತಲುಪಿದೆ. ನಿಲ್ದಾಣದಲ್ಲಿ ಮೊಳೆ ನಿಂತಿದ್ದಳು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಬಂದಿವೆ ಅವಳಿಗೆ. ಅದನ್ನೇ ಮೊದಲು ಹೇಳಿದೆ. "ಚೆನ್ನಾಗಿದೆ, ಮೂರು ವರ್ಷದ ಮೇಲೆ ನೋಡಿ ಹೇಳೋ ಮಾತು ಇದೇನಾ?" ಎಂದು ನನ್ನ ಚೀಲ ಕಿತ್ತುಕೊಂಡಳು. ಆಮೇಲೆ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಕಣ್ಣು ಕಾಣುತ್ತದೆ ಎಂದರೂ ಬಿಡಲಿಲ್ಲ.

ಮೊದಲು ದೋಣಿಯ ಹತ್ತಿರ ಹೋದೆವು. ಚುಕ್ಕಾಣಿ ಹಿಡಿಯುವವಳು ಒಬ್ಬ ಹೆಂಗಸು, ನನಗಿಂತ ಎತ್ತರ, ನನಗಿಂತ ದಪ್ಪ ದನಿ. ಮಗಳು ನನ್ನ ಪರವಾಗಿ ಏನೋ ಹೇಳಲು ಹೊರಟಳು. ನಾನು ತಡೆದು, "ಆ ಶಾಫ್ಟ್ ಮಾಡಿದ್ದು ನಾನು" ಎಂದೆ.

ಆಕೆ ದೋಣಿಯೊಳಗಿಂದ ಒಂದು ಬಕೆಟ್ ತಂದು, ಸಮುದ್ರದ ನೀರು ತುಂಬಿ ನನ್ನ ಮುಂದಿಟ್ಟಳು. "ಎತ್ತಿ" ಎಂದಳು. ಎದೆಯ ತನಕ ಎತ್ತಿದೆ. "ಆಚೆ ಚೆಲ್ಲಿ" ಎಂದಳು. ಚೆಲ್ಲಿದೆ. "ಹೀಗೆ ಒಂದೂವರೆ ಗಂಟೆ. ಏಳು ಜನ. ಮೀನುಗಾರರಲ್ಲಿ ಒಬ್ಬನ ಕೈ ಮುರಿದಿತ್ತು, ಅವನೂ ಒಂದೇ ಕೈಲಿ ಚೆಲ್ಲಿದ."

ಬಕೆಟನ್ನು ಕೆಳಗಿಟ್ಟೆ. "ನಿಮ್ಗೆ ಕೋಪ ಇರ್ಬೇಕು" ಎಂದೆ.

"ಇದೆ. ಶಾಫ್ಟ್ ತಂದಿದ್ದೀರಲ್ಲ, ಹಾಕಿ. ಆಮೇಲೆ ನೋಡೋಣ."

ಮಧ್ಯಾಹ್ನದ ತನಕ ಪಂಪಿನೊಳಗೆ ತಲೆಯಿಟ್ಟು ಕೂತಿದ್ದೆ. ಸ್ಪ್ಯಾನರ್ ಕೊಡುವ ಕೆಲಸ ಆಕೆಯದು. ಒಮ್ಮೆಯೂ ತಪ್ಪಾದ ಸ್ಪ್ಯಾನರ್ ಕೊಡಲಿಲ್ಲ. ಜೋಡಿಸಿ ಮುಗಿದ ಮೇಲೆ ಪಂಪು ಶುರು ಮಾಡಿದಳು. ನೀರು ದಕ್ಕೆಯ ಗೋಡೆ ದಾಟಿ ಆಚೆ ಬಿತ್ತು, ಅಲ್ಲಿ ಬಲೆ ಒಣಗಿಸುತ್ತಿದ್ದವರು ಬೈದರು. ಆಕೆ ಶಾಫ್ಟ್ ತಿರುಗುವ ಸದ್ದನ್ನು ತಲೆ ಓರೆ ಮಾಡಿ ಕೇಳಿದಳು. "ಹ್ಞೂಂ" ಎಂದಳು. ಅಷ್ಟೇ. ಆದರೆ ಹೊರಡುವಾಗ ನನ್ನ ಒದ್ದೆ ಅಂಗಿ ನೋಡಿ ತನ್ನ ಕೋಟು ಕೊಟ್ಟಳು. ಅದನ್ನೇ ಹಾಕಿಕೊಂಡು ಬರೆಯುತ್ತಿದ್ದೇನೆ. ಮೀನಿನ ವಾಸನೆ.

ಊಟಕ್ಕೆ ಮೊದಲು ಒಂದು ನಿಮಿಷ ಎಂದು ಮೊಳೆ ತನ್ನ ಪರೀಕ್ಷಾ ಕೋಣೆಗೆ ಕರೆದೊಯ್ದಳು. ಸಣ್ಣ ಕೋಣೆ, ಒಂದು ಕಿಟಕಿ. ಮೇಜಿನ ಮೇಲೆ ಗಾಜಿನ ಬಟ್ಟಲಿನಲ್ಲಿ ಉಪ್ಪುನೀರು, ಅದರಲ್ಲಿ ಮುಳುಗಿದ ಒಂದು ಉಕ್ಕಿನ ತುಂಡು, ಅದರಿಂದ ಒಂದು ತಂತಿ ಹೊರಟು ಮುಳ್ಳಿರುವ ಮೀಟರಿಗೆ ಸೇರಿತ್ತು. ಈ ತಿಂಗಳು ನಾನು ಹೊಸ ಕಣ್ಣಿನಲ್ಲಿ ಸಾಣೆ ಹಿಡಿದು ಕಡೆದು ಕಳುಹಿಸಿದ ತುಂಡು ಅದು. ಉಕ್ಕಿನ ಮೈ ಮುಚ್ಚಿದ್ದರೆ ಮುಳ್ಳು ಮೇಲೆ ನಿಲ್ಲುತ್ತದಂತೆ, ಪೊರೆ ಹರಿದರೆ ಕೆಳಗೆ ಬೀಳುತ್ತದಂತೆ. ನನ್ನ ಕೈಗೆ ಗಟ್ಟಿಯಾದ ಒಂದು ಸೂಜಿ ಕೊಟ್ಟು, "ಗೀರಪ್ಪ" ಎಂದಳು.

ನನಗೆ ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿ ಕಡೆದದ್ದು. "ಗೀರು, ಏನಾಗಲ್ಲ" ಎಂದಳು.

ಗೀರಿದೆ. ಮುಳ್ಳು ಧಡಕ್ಕನೆ ಬಿತ್ತು. ಏನೋ ಗಾಯ ಮಾಡಿದೆನೋ ಎಂಬಂತೆ ಸೂಜಿಯನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ನನ್ನ ಭುಜದ ಮೇಲೆ ಕೈಯಿಟ್ಟು, "ಈಗ ನೋಡು" ಎಂದಳು. ಮುಳ್ಳು ನಡುಗಿತು. ಆಮೇಲೆ ಏಳತೊಡಗಿತು. ಮೊದಲು ಬೇಗ, ಆಮೇಲೆ ಮೆಲ್ಲಗೆ, ಯಾರೂ ಎತ್ತದೆ, ಮೇಲಕ್ಕೆ, ಇನ್ನೂ ಮೇಲಕ್ಕೆ. ಉಪ್ಪುನೀರಿನೊಳಗೆ, ನನ್ನ ಕಣ್ಣೆದುರಿಗೆ, ಅದು ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಕೇಳಿದ್ದೆ, ಓದಿಸಿಕೊಂಡಿದ್ದೆ. ನೋಡುವುದು ಬೇರೆ.

ಮತ್ತೆ ಗೀರಿದೆ. ಮತ್ತೆ ಬಿತ್ತು, ಮತ್ತೆ ಎದ್ದಿತು. ಹನ್ನೊಂದು ಸಲ ಗೀರಿದೆ ಕಣೇ, ನಾನೇ ಎಣಿಸಿದೆ. ಹೊರಗೆ ಯಾರೋ ಬಾಗಿಲು ತಟ್ಟಿ, "ಊಟ ಆರೋಗುತ್ತೆ" ಎಂದು ಕೂಗಿದರು. ನಾನು ಸೂಜಿ ಕೆಳಗಿಟ್ಟೆ.

ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಆರಿದ್ರೆ ಆರ್ಲಿ ಅಪ್ಪಾ" ಎಂದಳು. "ಇನ್ನೊಂದ್ಸಲ ನೋಡೋಣ."

ನಿನ್ನವ